ಎಡಕ್ಕ ಸಾಫ್, ಬಲಕ್ಕ ಸಾಫ್

ನನ್ನ ಬಾಯಿ ನನಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ. ಇದು ಊರಿಗೇ ಗೊತ್ತಿರುವ ಸಂಗತಿ. ಒಮ್ಮೆ ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ದನಿ ತೆಗೆದು "ಖೇಡ್ ಖೇಡ್ ಖೇಡ್, ನಾರಾಯಣಖೇಡ್!" ಎಂದು ಕೂಗಿ ಐದಾರು ಮಂದಿಯನ್ನು ತಾಂಡೂರಿನ ಬಸ್ಸಿಗೆ ಹತ್ತಿಸಿದ್ದೆ. ಅವರಲ್ಲಿ ನನ್ನ ಸೋದರತ್ತೆಯೂ ಇದ್ದಳು. ಇವತ್ತಿಗೂ ಆಕೆ ನನ್ನ ಮಾತು ನಂಬುವ ಮೊದಲು ಇನ್ನೊಬ್ಬರನ್ನು ಕೇಳುತ್ತಾಳೆ. ಹೆಡ್ ಮಾಸ್ತರರ ಕೆಮ್ಮು, ಟ್ರ್ಯಾಕ್ಟರ್ ಮಾರುವವನ ಸುಳ್ಳು ನಗೆ, ದೊಡ್ಡಪ್ಪ ಕುರಿ ಕರೆಯುವ "ಹುರ್‍ರ್, ಹುರ್‍ರ್", ಯಾವುದನ್ನಾದರೂ ಒಮ್ಮೆ ಕೇಳಿದರೆ ಸಾಕು, ನನ್ನ ಗಂಟಲಿಗೆ ಇಳಿದುಬಿಡುತ್ತಿತ್ತು. ನನ್ನ ಸ್ವಂತ ದನಿ ಯಾವುದು ಅಂದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತಿತ್ತು.

ಇಂಥವನು ಪೈಲಟ್ ಆಗಲು ಹೊರಟಿದ್ದೆ. ಹೆದ್ದಾರಿ ಪಕ್ಕದ ನಮ್ಮ ಹೊಲ ಕಾರ್ಖಾನೆಯವರ ಪಾಲಾಯಿತು, ಅದರ ಬದಲಿಗೆ ಮನೆಗೆ ಒಬ್ಬ ಪೈಲಟ್ ಬಂದ. "ಹೊಲ ವರ್ಷಾ ತೊಗರಿ ಕೊಡ್ತಿತ್ತು, ಇಂವ ಏನ್ ಕೊಡ್ತಾನ ನೋಡೂಣು" ಎಂದು ಅವ್ವ ಬಂದವರ ಮುಂದೆಲ್ಲ ಅನ್ನುತ್ತಿದ್ದಳು. ಲೈಸೆನ್ಸು ಸಿಕ್ಕಿತ್ತು. ಒಂದು ಕಂಪನಿ ಆರಿಸಿಕೊಂಡೂ ಇತ್ತು. ಉಳಿದದ್ದು ದೊಡ್ಡ ಜೆಟ್ ವಿಮಾನದ ತರಬೇತಿ ಒಂದೇ. ಅದು ನಡೆಯುವುದು ನಿಜವಾದ ವಿಮಾನದಲ್ಲಲ್ಲ. ಹೈದರಾಬಾದಿನ ಒಂದು ಕಟ್ಟಡದೊಳಗೆ, ಕಬ್ಬಿಣದ ಕಾಲುಗಳ ಮೇಲೆ ನಿಂತ ಒಂದು ಡಬ್ಬಿಯಲ್ಲಿ. ಒಳಗೆ ಹೋದರೆ ಥೇಟ್ ವಿಮಾನದ ಮೂತಿ. ಕಿಟಕಿಯಾಚೆ ಕಾಣುವ ವಿಮಾನ ನಿಲ್ದಾಣ ಸುಳ್ಳು, ಅಲ್ಲಿ ಓಡಾಡುವ ಗಾಡಿಗಳು ಸುಳ್ಳು. ನಮ್ಮ ಬೆವರು ಮಾತ್ರ ನಿಜ.

ಜೆಟ್ ಇಂಜಿನ್ ಚಾಲೂ ಮಾಡುವುದೆಂದರೆ ಕೀಲಿ ತಿರುವಿ ಕಿಕ್ ಹೊಡೆಯುವುದಲ್ಲ. ಮುಂದೆ ಇಬ್ಬರು ಕೂತಿರುತ್ತಾರೆ. ಎಡಕ್ಕೆ ಕ್ಯಾಪ್ಟನ್, ಬಲಕ್ಕೆ ನನ್ನಂಥ ಸಹಾಯಕ. ಒಬ್ಬ ಕೇಳುತ್ತಾನೆ, ಇನ್ನೊಬ್ಬ ನೋಡಿ ಉತ್ತರ ಕೊಡುತ್ತಾನೆ. ಬಾಗಿಲು ಮುಚ್ಚಿದೆಯೇ, ಬ್ರೇಕ್ ಹಿಡಿದಿದೆಯೇ, ವಿಮಾನದ ಹೊಟ್ಟೆ ಬೆನ್ನಿನ ಕೆಂಪು ದೀಪ ಹತ್ತಿದೆಯೇ. ನೆಲದ ಮೇಲೆ ಕಿವಿಗೆ ಹೆಡ್‍ಸೆಟ್ ಹಾಕಿಕೊಂಡು ನಿಂತವನು ಸುತ್ತ ಯಾರೂ ಇಲ್ಲ ಎಂದ ಮೇಲೆ ಒಂದು ಇಂಜಿನ್ ತಿರುಗುತ್ತದೆ. ಗಾಳಿ ಸಾಕಷ್ಟು ಓಡಿದ ಮೇಲೆ ಎಣ್ಣೆ ಬೀಳುತ್ತದೆ, ಬೆಂಕಿ ಹತ್ತುತ್ತದೆ. ಬಿಸಿ ಹದ್ದು ಮೀರಿದರೆ ಅದೇ ಗಳಿಗೆಗೆ ಎಣ್ಣೆ ನಿಲ್ಲಿಸಬೇಕು. ಆಮೇಲೆ ಇನ್ನೊಂದು ಇಂಜಿನ್. ಎರಡೂ ನೆಟ್ಟಗಾದ ಮೇಲೆ ನೆಲದವನು ಮುಂದಿನ ಚಕ್ರಕ್ಕೆ ಚುಚ್ಚಿದ್ದ ಪಿನ್ನನ್ನು ಕಿತ್ತು, ಅದರ ಕೆಂಪು ಪಟ್ಟಿಯನ್ನು ಎತ್ತಿ ತೋರಿಸಿ ಸರಿಯುತ್ತಾನೆ. ಅಷ್ಟಾದರೂ ವಿಮಾನ ಹಂದಾಡುವಂತಿಲ್ಲ. ಕ್ಯಾಪ್ಟನ್ ತನ್ನ ಕಿಟಕಿಯಿಂದ ನೋಡಿ "ಎಡಗಡೆ ಖಾಲಿ" ಅನ್ನಬೇಕು. ನಾನು ನನ್ನ ಕಿಟಕಿಯಿಂದ ನೋಡಿ "ಬಲಗಡೆ ಖಾಲಿ" ಅನ್ನಬೇಕು. ಆಗಲೇ ಬ್ರೇಕ್ ಬಿಡುವುದು.

ನನಗೆ ಇದೆಲ್ಲ ಮೂರೇ ದಿನಕ್ಕೆ ಬಾಯಿಗೆ ಬಂತು. ನಮಗೆ ಕಲಿಸುತ್ತಿದ್ದ ಹಿರಿಯ ಕ್ಯಾಪ್ಟನ್ನರ ದನಿ ದಪ್ಪ, ಗದ್ದ ಕೆಳಗಿಟ್ಟು ಮಾತಾಡುವ ಮನುಷ್ಯ. ನಾನು ಅವರ ದನಿಯಲ್ಲೇ ಉತ್ತರ ಕೊಡುತ್ತಿದ್ದೆ. ಜೊತೆಗಾರರು ಬಿದ್ದುಬಿದ್ದು ನಗುತ್ತಿದ್ದರು. ಕ್ಯಾಪ್ಟನ್ನರೂ ಒಮ್ಮೊಮ್ಮೆ ನಕ್ಕಿದ್ದರು. ಒಂದು ದಿನ ಮಾತ್ರ ನಗಲಿಲ್ಲ. ರೆಕ್ಕೆ ಬಾಲಗಳು ಸರಿಯಾಗಿ ಆಡುತ್ತಿವೆಯೇ ಎಂದು ಹೊರಡುವ ಮುಂಚೆ ಪರೀಕ್ಷಿಸುವ ಒಂದು ಕ್ರಮವಿದೆ. ಎಡಗಡೆಯವನು ಹಿಡಿಕೆ ಆಡಿಸಬೇಕು, ನಾನು ಮುಂದಿನ ಪರದೆ ನೋಡಿ ಪೂರ್ತಿ ಎಡ, ಪೂರ್ತಿ ಬಲ, ನಡುವೆ ಎಂದು ಹೇಳಬೇಕು. ನಾನು ತಾಳ ತಪ್ಪದೆ ಹೇಳಿದೆ. ಆಮೇಲೆ ಗೊತ್ತಾಯಿತು, ಎಡಗಡೆ ಕೂತವನು ಹಿಡಿಕೆಯನ್ನು ಮುಟ್ಟಿಯೇ ಇರಲಿಲ್ಲ. ಹಿರಿಯರು ಅವನಿಗೆ ಮೊದಲೇ ಕಣ್ಣು ಮಿಟುಕಿಸಿದ್ದರು.

ಪರೀಕ್ಷೆಯ ದಿನ ಅದೇ ತಪ್ಪು ಇನ್ನೊಂದು ವೇಷದಲ್ಲಿ ಬಂತು. "ಎಡಗಡೆ ಖಾಲಿ" ಅಂದ ಕ್ಯಾಪ್ಟನ್ ಸೀಟಿನಲ್ಲಿ ಕೂತಿದ್ದ ಜೊತೆಗಾರ. "ಬಲಗಡೆ ಖಾಲಿ" ಅಂದೆ. ಬ್ರೇಕ್ ಬಿಟ್ಟಿತು, ವಿಮಾನ ತಿರುಗಿತು, ಡಬ್ಬಿ ಒಮ್ಮೆ ನಡುಗಿ ಎಲ್ಲ ನಿಂತುಹೋಯಿತು. ನನ್ನ ಬಲಗಡೆ ಎಣ್ಣೆಯ ಟ್ಯಾಂಕರ್ ನಿಂತಿತ್ತು. ನಮ್ಮ ರೆಕ್ಕೆ ಅದಕ್ಕೆ ಹೊಕ್ಕಿತ್ತು.

ಹಿಂದೆ ಕೂತಿದ್ದ ಹಿರಿಯರು ದೀಪ ಹಾಕಿದರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದು ಹೀಗೆ.

"ನೋಡಿದೆಯಾ?"

"ನೋಡಿದೆ ಸರ್."

"ಏನು ನೋಡಿದೆ?"

ನಾನು ಆಗ ಕಿಟಕಿಯ ಕಡೆ ತಿರುಗಿದೆ.

"ನೀನು ಹೇಳಿದ್ದು ನನ್ನ ದನಿಯಲ್ಲಿ. ನಾನು ಆ ಮಾತು ಹೇಳುವ ಮುಂಚೆ ಕತ್ತು ತಿರುಗಿಸಿ ನೋಡುತ್ತೇನೆ. ಅದೊಂದನ್ನು ನೀನು ನಕಲು ಮಾಡಲಿಲ್ಲ."

ಹತ್ತು ದಿನ ಕೊಟ್ಟರು. ಹತ್ತು ದಿನಕ್ಕೆ ಮತ್ತೊಂದು ಪರೀಕ್ಷೆ. ಅದರಲ್ಲೂ ಬಿದ್ದರೆ ಕಂಪನಿಯ ಬಾಗಿಲು ಮುಚ್ಚಿದಂತೆ, ಪೈಲಟ್ ಕೆಲಸ ಮುಗಿದಂತೆ. ನಾನು ಕಾಗದದ ವಿಮಾನ ಸುತ್ತಿಕೊಂಡು ಊರಿಗೆ ಬಂದೆ. ಕಾಗದದ ವಿಮಾನ ಅಂದರೆ ಗುಂಡಿ, ದೀಪ, ಹಿಡಿಕೆಗಳನ್ನೆಲ್ಲ ಅಚ್ಚು ಹಾಕಿದ ದೊಡ್ಡ ಹಾಳೆಗಳು. ಗೋಡೆಗೆ ಅಂಟಿಸಿ ಅಭ್ಯಾಸ ಮಾಡಲು. ಮನೆಯೊಳಗೆ ಅಂಟಿಸಲು ಅವ್ವ ಬಿಡಲಿಲ್ಲ. ಕುರಿಹಟ್ಟಿಯ ಗೋಡೆ ಖಾಲಿ ಇತ್ತು, ಅಂಟಿಸಿದೆ. ಎರಡು ಬುಟ್ಟಿ ಬೋರಲು ಹಾಕಿದೆ. ಬಲಗಡೆ ಬುಟ್ಟಿಯ ಮೇಲೆ ನಾನು. ಎಡಗಡೆಗೆ ಕ್ಯಾಪ್ಟನ್ ಬೇಕಲ್ಲ, ದೊಡ್ಡಪ್ಪನನ್ನು ಕೂರಿಸಿದೆ.

ದೊಡ್ಡಪ್ಪ ನಮ್ಮಪ್ಪನ ಅಣ್ಣ. ಮದುವೆಯಾಗಲಿಲ್ಲ, ಕುರಿಗಳ ಜೊತೆಗೇ ಬಾಳಿದ. ಅಪ್ಪ ಹೊಲ ನೋಡಿದ, ದೊಡ್ಡಪ್ಪ ಕುರಿ ನೋಡಿದ, ನನ್ನನ್ನೂ ಅವನೇ ಹೆಗಲ ಮೇಲೆ ಹೊತ್ತು ನೋಡಿದ. ಆ ವರ್ಷ ದೊಡ್ಡಪ್ಪನಲ್ಲಿ ಕೆಲವು ಹೊಸ ಚಾಳಿಗಳು ಸೇರಿಕೊಂಡಿದ್ದವು. ಚಹಾದ ಕಪ್ಪು ಕೈಗೆ ಬಂದರೆ ಮೊದಲು ಬೆರಳು ಅದ್ದಿ ನೋಡುತ್ತಿದ್ದ. ಚಪ್ಪಲಿಯನ್ನು ಕಾಲಿನಿಂದ ತಡಕಾಡಿ ಹುಡುಕುತ್ತಿದ್ದ. ಕುರಿ ಹೊರಗೆ ಬಿಡುವಾಗ ಒಂದೊಂದರ ಕಿವಿಯನ್ನೂ ಮುಟ್ಟಿ ಮುಟ್ಟಿ ಕಳಿಸುತ್ತಿದ್ದ. ಬಂದ ಮೊದಲ ದಿನವೇ ನಾನು ಇವೆಲ್ಲವನ್ನೂ ಹಿಡಿದೆ. ಸಂಜೆ ಅಂಗಳದಲ್ಲಿ ಚಪ್ಪಲಿ ಹುಡುಕುವ ಕಾಲು, ಬೆರಳು ಅದ್ದುವ ಕೈ, ಎಲ್ಲ ಮಾಡಿ ತೋರಿಸಿದೆ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ದೊಡ್ಡಪ್ಪ.

"ಎಲಾ ಕಳ್ಳ, ಪಕ್ಕಾ ನನ್ನಂಗೇ ಮಾಡ್ತಿ ನೋಡು!"

ನಾನು ಉಬ್ಬಿಹೋದೆ. ಯಾಕೆ ಹಾಗೆ ಮಾಡುತ್ತಾನೆ ಎಂದು ಒಮ್ಮೆಯೂ ಕೇಳಲಿಲ್ಲ.

ಹಟ್ಟಿಯಲ್ಲಿ ನಮ್ಮ ವಿಮಾನ ದಿನವೂ ಚಾಲೂ ಆಗುತ್ತಿತ್ತು.

"ಎರಡನೇ ಇಂಜಿನ್ ಚಾಲೂ ಮಾಡ್ರಿ ಕ್ಯಾಪ್ಟನ್ ಸಾಹೇಬ್ರ."

"ಮೊದಲ ಎರಡನೇದು ಎದಕ? ಒಂದನೇದಕ್ಕ ಏನಾಗ್ಯಾದ?"

"ಪದ್ಧತಿ ಹಂಗಾದ ದೊಡ್ಡಪ್ಪ. ಬೆಂಕಿ ಹತ್ತಿದ ಮ್ಯಾಲ ಬಿಸಿ ಎಷ್ಟು ಏರ್ತದ ನೋಡ್ಬೇಕು. ಜಾಸ್ತಿ ಆದ್ರ ಬಂದ್ ಮಾಡ್ಬೇಕು."

"ಅಂದ್ರ ಒಲಿ ಮುಂದ ಕುಂತಂಗೇ ಬಿಡು. ಇದಕ್ಕ ಇಷ್ಟು ದಿನ ಕಲಿಬೇಕಾ? ನಿಮ್ಮವ್ವನ್ನ ಕೂಡ್ಸು ಒಳಗ, ಒಂದೇ ದಿನಕ್ಕ ಹಾರಸ್ತಾಳ."

ಎಡ ಬಲ ಖಾಲಿ ಎನ್ನುವ ಮಾತನ್ನು ನಮ್ಮ ಬಾಯಿಗೆ ಸಾಫ್ ಎಂದು ಮಾಡಿಕೊಂಡೆವು. ದೊಡ್ಡಪ್ಪ ಗೋಡೆಯ ಹಾಳೆಯ ಕಡೆ ಮುಖ ಮಾಡಿ ಗತ್ತಿನಿಂದ "ಎಡಕ್ಕ ಸಾಫ್!" ಅನ್ನುತ್ತಿದ್ದ. ನಾನು "ಬಲಕ್ಕ ಸಾಫ್!" ಅನ್ನುತ್ತಿದ್ದೆ. ಅವನ ಉತ್ತರ ಎಷ್ಟು ಚೊಕ್ಕಟ, ಎಷ್ಟು ಚುರುಕು ಅಂದರೆ ನಾನು ಪ್ರಶ್ನೆ ಮುಗಿಸುವ ಮುಂಚೆಯೇ ಬರುತ್ತಿತ್ತು. ಇಂಥ ಜೊತೆಗಾರ ಡಬ್ಬಿಯಲ್ಲಿ ಸಿಕ್ಕಿದ್ದರೆ ನಾನು ಪಾಸಾಗುತ್ತಿದ್ದೆ ಎಂದು ಅವ್ವನ ಮುಂದೆ ಹೊಗಳಿದೆ.

ಮೂರನೆಯ ದಿನ ನನಗೆ ಇನ್ನೊಂದು ಬುದ್ಧಿ ಹೊಳೆಯಿತು. ಹಾಳೆಯ ಮೇಲೆ ಏನು ನೋಡುವುದು, ನಿಜವಾದ ರಸ್ತೆಯಲ್ಲಿ ನಿಜವಾಗಿ ನೋಡಿ ಹೇಳುವುದನ್ನು ರೂಢಿ ಮಾಡಿಕೊಂಡರೆ ನನ್ನ ರೋಗ ವಾಸಿಯಾದೀತು. ರಸ್ತೆ ಹೇಗೂ ಇತ್ತು. ನಮ್ಮ ಕುರಿಗಳು ದಿನಾ ಬೆಳಿಗ್ಗೆ ಮುಂಬಯಿ ಹೆದ್ದಾರಿ ದಾಟಿ ಆಚೆಯ ಬೀಳು ಹೊಲಗಳಿಗೆ ಹೋಗಬೇಕು. ಈಚೆ ಅರ್ಧ ರಸ್ತೆಯಲ್ಲಿ ಗಾಡಿಗಳು ಬಲದಿಂದ ಬರುತ್ತವೆ. ನಡುವೆ ಡಿವೈಡರಿನಲ್ಲಿ ಒಂದು ಸಂದು. ಆಚೆ ಅರ್ಧದಲ್ಲಿ ಹೈದರಾಬಾದ್ ಕಡೆಯಿಂದ, ಅಂದರೆ ಎಡದಿಂದ ಬರುತ್ತವೆ.

ದೊಡ್ಡಪ್ಪ ದಾಟುವ ರೀತಿಯೇ ಬೇರೆ ಇತ್ತು. ಅವನು ರಸ್ತೆ ಅಂಚಿನಲ್ಲಿ ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿ, ಕಿವಿ ಬಯಲು ಮಾಡಿಕೊಂಡು ನಿಲ್ಲುತ್ತಿದ್ದ. ಬಾಯಿಂದ ಒಂದು ಮಾತಿಲ್ಲ. ಅವನ ಮುಂದೆ ಕೊರಳಿಗೆ ಗಂಟೆ ಕಟ್ಟಿದ ಒಂದು ಮುದಿ ಹೋತ. ಆ ಹೋತ ಹೆಜ್ಜೆ ಎತ್ತಿದರೆ ದೊಡ್ಡಪ್ಪ ಎತ್ತುತ್ತಿದ್ದ. ಅದು ನಿಂತರೆ ನಿಲ್ಲುತ್ತಿದ್ದ. ಒಮ್ಮೊಮ್ಮೆ ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಹಾಗೇ ನಿಂತಿರುತ್ತಿದ್ದ. ಅದನ್ನು ನೋಡಿ ನಾನು ರೇಗಿಸಿದೆ.

"ಏನ್ ದೊಡ್ಡಪ್ಪ, ಕ್ಯಾಪ್ಟನ್ ನೀನೋ ಹೋತನೋ? ಇಷ್ಟೊತ್ತು ನಿಂತ್ರ ಪ್ಯಾಸೆಂಜರ್ ಇಳಿದು ಮನಿಗಿ ಹೋಗ್ತಾರ."

ಅವನು ಸುಮ್ಮನೆ ನಕ್ಕ. ಆಮೇಲೆ ನಾನು ನಿಯಮ ಹೇಳಿದೆ. ದೊಡ್ಡಪ್ಪ ಹೋತದ ಜೊತೆ ಮುಂದೆ ಡಿವೈಡರಿಗೆ ಹೋಗುವುದು, ಎಡಕ್ಕೆ ನೋಡಿ ಕೂಗುವುದು. ನಾನು ಹಿಂದೆ ನಿಂತು ಬಲಕ್ಕೆ ನೋಡಿ ಕೂಗುವುದು. ಇಬ್ಬರೂ ಕೂಗಿದ ಮೇಲೆ ಹಿಂಡು ನಡೆಯುವುದು. ಅವನು ಒಪ್ಪಿದ. ಬೇಡ ಎನ್ನಬಹುದಿತ್ತು. ಬೇಡ ಎಂದರೆ ಕಾರಣ ಹೇಳಬೇಕಾಗುತ್ತಿತ್ತು.

ನಾಲ್ಕು ದಿನ ಚೆನ್ನಾಗಿ ದಾಟಿದೆವು. ನಾನು ಕತ್ತು ತಿರುಗಿಸಿ ನೋಡಿ ಕೂಗುವುದನ್ನು ಕಲಿಯುತ್ತಿದ್ದೆ, ನಿಜ. ಅವನ "ಎಡಕ್ಕ ಸಾಫ್" ಹಟ್ಟಿಯಲ್ಲಿ ಬಂದಷ್ಟೇ ಚುರುಕಾಗಿ ಬರುತ್ತಿತ್ತು. ಹೇಳಿದ ಮಾತಿನ ಬಗ್ಗೆ ಆ ಹಿರಿಯ ಕ್ಯಾಪ್ಟನ್ ನನ್ನನ್ನು ಏನು ಕೇಳಿದ್ದರೋ ಅದನ್ನು ನಾನು ದೊಡ್ಡಪ್ಪನನ್ನು ಕೇಳಬೇಕಿತ್ತು. ಏನು ನೋಡಿದಿ? ಕೇಳಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ. ಬಿಸಿಲು ಏರಿತ್ತು. ಈಚೆ ಅರ್ಧದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಎರಡು ಟ್ರಾಲಿ ಎಳೆದುಕೊಂಡು, ಟೇಪಿನಲ್ಲಿ ಹಾಡು ಕಿರುಚಿಸುತ್ತ ಮೆಲ್ಲಗೆ ಹೋಯಿತು. ಅದು ಹೋದ ಮೇಲೆ ಈಚೆ ಪೂರ್ತಿ ಖಾಲಿ. ಅರ್ಧ ಹಿಂಡು ಡಿವೈಡರಿನ ಸಂದಿಗೆ ಬಂದು ಸೇರಿತು, ಉಳಿದ ಅರ್ಧ ನನ್ನ ಕಾಲ ಹತ್ತಿರ. ಟ್ರ್ಯಾಕ್ಟರಿನ ಹಾಡು ಇನ್ನೂ ಬೇರೆ ಸದ್ದನ್ನೆಲ್ಲ ನುಂಗುತ್ತಿತ್ತು.

"ಕ್ಯಾಪ್ಟನ್ ಸಾಹೇಬ್ರ! ಬಲಕ್ಕ ಸಾಫ್!"

"ಎಡಕ್ಕ ಸಾಫ್!"

ಹೋತ ಹೆಜ್ಜೆ ಎತ್ತಲಿಲ್ಲ. ನಾನು ನೋಡಿದೆ. ಅದು ಮುಂಗಾಲು ಊರಿ, ಕೊರಳು ಹಿಂದಕ್ಕೆ ಎಳೆದುಕೊಂಡು ನಿಂತಿತ್ತು. ಮೊದಲಾಗಿದ್ದರೆ ದೊಡ್ಡಪ್ಪನೂ ನಿಲ್ಲುತ್ತಿದ್ದ.

"ಸಾಫ್ ಅಂದಿರಿ, ಹೊರಡ್ರೆಲಾ! ಹಿಂದ ಟ್ರಾಫಿಕ್ ಜಾಮ್ ಆಗ್ಯಾದ!" ಎಂದು ನಾನು ವಿಮಾನ ನಿಲ್ದಾಣದ ರೇಡಿಯೊದವನ ದನಿಯಲ್ಲಿ ಕೂಗಿದೆ.

ದೊಡ್ಡಪ್ಪ ಕೋಲಿನಿಂದ ಹೋತದ ಬೆನ್ನು ತಿವಿದ.

ಲಾರಿ ಎಡದಿಂದ ಬಂತು. ಉದ್ದನೆಯ ಕಂಟೇನರ್ ಲಾರಿ. ಅದೇನು ಮರೆಯಲ್ಲಿ ಇರಲಿಲ್ಲ. ರಸ್ತೆ ಅಲ್ಲಿ ನೇರ, ನಾನು ನಿಂತಲ್ಲಿಂದಲೂ ಕತ್ತು ಎಡಕ್ಕೆ ತಿರುಗಿಸಿದ್ದರೆ ಕಾಣುತ್ತಿತ್ತು. ನಾನು ತಿರುಗಿಸಲಿಲ್ಲ. ಎಡ ನನ್ನ ಪಾಲಿನದಲ್ಲ. ಬ್ರೇಕಿನ ಸದ್ದು, ಹಾರ್ನ್, ಆಮೇಲೆ ಮೂಟೆಗಳು ಬಿದ್ದಂಥ ಸದ್ದು, ಒಂದಾದ ಮೇಲೆ ಒಂದು. ಗಂಟೆ ಒಮ್ಮೆ ಜೋರಾಗಿ ಆಡಿ ನಿಂತಿತು.

ಹನ್ನೊಂದು ಕುರಿ ಹೋದವು, ಹೋತವೂ ಹೋಯಿತು. ದೊಡ್ಡಪ್ಪನಿಗೆ ಒಂದು ಗೀರೂ ಆಗಿರಲಿಲ್ಲ. ಅವನು ರಸ್ತೆಯ ಅಂಚಿಗೆ ಒಂದು ಕಾಲಿಟ್ಟು, ಕೋಲು ಮುಂದಕ್ಕೆ ಚಾಚಿ ನಿಂತಿದ್ದ. ಮುಖ ಎಡಕ್ಕೇ ಇತ್ತು. ಬಿಸಿಲು ನೇರ ಕಣ್ಣಿಗೆ ಬೀಳುತ್ತಿದ್ದರೂ ರೆಪ್ಪೆ ಮುಚ್ಚಿರಲಿಲ್ಲ.

ಲಾರಿಯವನು ಇಳಿದು ಓಡಿಬಂದ. ಹುಡುಗು ಪ್ರಾಯದವನು. ಹೆದರಿದವರು ಬೈಯುವಂತೆ ಬೈದ.

"ಕ್ಯಾ ಚಾಚಾ! ದಿಖ್ತಾ ನೈ ಕ್ಯಾ ತುಮ್ಕೊ?"

ಕಾಣುವುದಿಲ್ಲವೇ ನಿನಗೆ ಎಂದು ರಸ್ತೆಯಲ್ಲಿ ದಿನಾ ಯಾರಾದರೂ ಯಾರಿಗಾದರೂ ಅನ್ನುತ್ತಾರೆ. ಯಾರೂ ಅದಕ್ಕೆ ಉತ್ತರ ಕೊಡುವುದಿಲ್ಲ. ದೊಡ್ಡಪ್ಪ ಕೊಟ್ಟ.

"ನೈ ದಿಖ್ತಾ ಬೇಟಾ."

ನಾನು ಹಿಂಡಿನ ಆಚೆ ನಿಂತು ಕೇಳಿಸಿಕೊಂಡೆ. ಮನೆಯಲ್ಲಿ ಅಷ್ಟು ಮಂದಿ ಇದ್ದೆವು. ಬೆರಳು ಅದ್ದುವುದನ್ನು ನೋಡಿ ನಕ್ಕವರು, ಕಾಲಿನಿಂದ ತಡಕುವುದನ್ನು ಆಡಿ ತೋರಿಸಿದವನು. ದೊಡ್ಡಪ್ಪ ಮೊದಲ ಸಲ ಅದನ್ನು ಹೇಳಿದ್ದು ಗುರುತಿಲ್ಲದ ಒಬ್ಬ ಲಾರಿ ಡ್ರೈವರನಿಗೆ.

ಅಪ್ಪ ಟ್ರ್ಯಾಕ್ಟರ್ ತಂದ. ನಾವಿಬ್ಬರೂ ಕುರಿಗಳನ್ನು ಎತ್ತಿ ಟ್ರಾಲಿಗೆ ಹಾಕಿದೆವು. ದೊಡ್ಡಪ್ಪ ಡಿವೈಡರಿನ ಮೇಲೆ ಕೂತು ಒಂದೊಂದನ್ನೂ ತನ್ನ ಹತ್ತಿರ ತರಿಸಿಕೊಂಡು ಕಿವಿ ಮುಟ್ಟಿದ. ಮುಟ್ಟಿ ಅದು ಯಾವುದು ಎಂದು ತಿಳಿದುಕೊಂಡು ಬಿಟ್ಟ. ದಾರಿಯಲ್ಲಿ ಅಪ್ಪ ಕೇಳಿದ.

"ಎಷ್ಟು ದಿನದಿಂದ ಹಿಂಗ?"

"ಹ್ವಾದ ದಸರಾಕ್ಕ ಎಡಗಣ್ಣು ಪೂರಾ ಹೋತು. ಬಲಗಣ್ಣು ಕೊಳವಿಯೊಳಗಿಂದ ನೋಡಿದಂಗ."

"ಹೇಳ್ಬಾರ್ದೇನಣ್ಣಾ?"

"ಹೇಳಿದ್ರ ಕುರಿ ಬಿಡಸ್ತಿದ್ರಿ."

ಅದು ಸುಳ್ಳಲ್ಲ. ಎರಡೇ ದಿನದಲ್ಲಿ ಬಿಡಿಸಿದೆವು. ಉಳಿದ ಹಿಂಡು ನಾರಾಯಣಖೇಡಿನ ಸಂತೆಗೆ ಹೋಯಿತು. ದೊಡ್ಡಪ್ಪನನ್ನು ತಾಂಡೂರಿಗೆ ಕೊಟ್ಟಿದ್ದ ನನ್ನ ಅಕ್ಕ ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿನ ಕಣ್ಣಿನ ಡಾಕ್ಟರು ಒಂದು ವರ್ಷ ಮೊದಲು ಬಂದಿದ್ದರೆ ಬಲಗಣ್ಣನ್ನಾದರೂ ಪೂರ್ತಿ ಉಳಿಸಬಹುದಿತ್ತು ಎಂದರಂತೆ. ಒಂದು ವರ್ಷ ಮೊದಲು ನಾನು ಊರಿಗೆ ಬಂದಾಗಲೂ ಅವನ ಯಾವುದೋ ಒಂದು ಚಾಳಿಯನ್ನು ಆಡಿ ತೋರಿಸಿದ್ದೆ. ಯಾವುದು ಎಂದು ಈಗ ನೆನಪು ಮಾಡಿಕೊಳ್ಳಲು ಧೈರ್ಯವಿಲ್ಲ.

ಕುರಿಗಳು ಸತ್ತ ದಿನ ಪರೀಕ್ಷೆಗೆ ಇನ್ನು ಎರಡೇ ದಿನ ಉಳಿದಿತ್ತು. ಹೋಗುವುದಿಲ್ಲ ಅಂದೆ. ಅವ್ವ ಬ್ಯಾಗು ತಂದು ಬಾಗಿಲಲ್ಲಿಟ್ಟಳು. "ಇಲ್ಲಿ ಕುಂತು ಯಾರ್ ದನಿ ತೆಗೀತಿ? ಹೋಗು" ಎಂದಳು.

ಡಬ್ಬಿಯೊಳಗೆ ಅದೇ ಸುಳ್ಳು ನಿಲ್ದಾಣ. ಇಂಜಿನ್ ಚಾಲೂ ಮಾಡುವಾಗ ಪ್ರತಿ ಉತ್ತರಕ್ಕೂ ಮುಂಚೆ ಬೆರಳು ಆ ಗುಂಡಿಯ ಹತ್ತಿರ ಹೋಗುವ ತನಕ ತುಟಿ ಬಿಚ್ಚಲಿಲ್ಲ. ನನ್ನಿಂದ ಬಂದ ದನಿ ತೆಳ್ಳಗಿತ್ತು, ಒಣಗಿತ್ತು. ಯಾರದೆಂದು ಗುರುತು ಸಿಗಲಿಲ್ಲ, ಬಹುಶಃ ನನ್ನದೇ. ನೆಲದವನು ಕೆಂಪು ಪಟ್ಟಿ ತೋರಿಸಿ ಸರಿದ. ಜೊತೆಗಾರ "ಎಡಗಡೆ ಖಾಲಿ" ಅಂದ. ನಾನು ಬಲಕ್ಕೆ ನೋಡಿದೆ. ರೆಕ್ಕೆಯ ತುದಿಯ ತನಕ ನೋಡಿದೆ, ಅದರ ಆಚೆ ನೋಡಿದೆ. ಏನೂ ಇರಲಿಲ್ಲ. ಬಾಯಿ ತೆರೆಯಲಿಲ್ಲ. ಸೀಟಿನಿಂದ ಮುಂದಕ್ಕೆ ಬಾಗಿ ಜೊತೆಗಾರನ ಎದೆಯ ಆಚೆಗೆ ಅವನ ಕಿಟಕಿಯಿಂದ ಎಡಕ್ಕೂ ಎಷ್ಟು ಕಾಣುತ್ತದೋ ಅಷ್ಟು ನೋಡಿದೆ. ಅಲ್ಲೂ ಏನೂ ಇರಲಿಲ್ಲ. ಖಾಲಿ ಸಿಮೆಂಟು, ಹಳದಿ ಗೆರೆ. ಜೊತೆಗಾರ ಎರಡನೆಯ ಸಲ ಕೇಳಿದ. ಆಗ ಹೇಳಿದೆ.

ಮುಗಿದ ಮೇಲೆ ಹಿರಿಯರು ಕಾಗದಕ್ಕೆ ಸಹಿ ಹಾಕಿದರು. "ತಡ ಮಾಡಿದೆ" ಎಂದರು. ಪೆನ್ನು ಮುಚ್ಚಿ, "ಹತ್ತು ದಿನದಲ್ಲಿ ಹೇಗೆ ಕಲಿತೆ?" ಎಂದು ಕೇಳಿದರು. ಮನೆಯಲ್ಲಿ ಅಭ್ಯಾಸ ಮಾಡಿದೆ ಸರ್ ಅಂದೆ. ಪಾಸಾಗಿದ್ದೆ.

ಮರುದಿನ ತಾಂಡೂರಿಗೆ ಹೋದೆ. ಅಕ್ಕನ ಮನೆಯ ಕಟ್ಟೆಯ ಮೇಲೆ, ನೀಲಿಗಲ್ಲಿನ ಚಪ್ಪಡಿಯ ತಂಪಿಗೆ ದೊಡ್ಡಪ್ಪ ಕೂತಿದ್ದ. ಕೋಲು ತೊಡೆಯ ಮೇಲೆ ಅಡ್ಡ ಇತ್ತು, ಕಾಯಲು ಏನೂ ಇರಲಿಲ್ಲ. ನನ್ನ ಹೆಜ್ಜೆ ಕೇಳಿ ಗುರುತು ಹಿಡಿದ.

"ಪಾಸಾದಿ ಅಂತಲ್ಲ. ನಿಮ್ಮವ್ವ ಫೋನ್ ಮಾಡಿದ್ಳು."

"ಹೂಂ ದೊಡ್ಡಪ್ಪ."

"ಮತ್ತ ಸುಮ್ಕ ಯಾಕ ನಿಂತಿ? ಆ ಹೆಡ್ ಮಾಸ್ತರ್ ಕೆಮ್ಮು ಒಂದ್ಸಲ ಕೆಮ್ಮು, ಕೇಳಮು."

ಆಗಲಿಲ್ಲ. ಅವನ ಪಕ್ಕಕ್ಕೆ ಕೂತೆ, ಬಲಗಡೆಗೆ. ಅವನು ಕೈ ಚಾಚಿ ನನ್ನ ಕಿವಿ ಮುಟ್ಟಿ ನೋಡಿದ, ಹಟ್ಟಿಯ ಬಾಗಿಲಲ್ಲಿ ಮುಟ್ಟುತ್ತಿದ್ದ ಹಾಗೇ.

"ಹಂಗಾದ್ರ ವಿಮಾನನಾದ್ರೂ ಚಾಲೂ ಮಾಡಪಾ. ಹೊತ್ತು ಹೋಗವಲ್ದು."

ಮಾಡಿದೆ. ಬಾಗಿಲು, ಬ್ರೇಕ್, ಕೆಂಪು ದೀಪ. ಎರಡನೇ ಇಂಜಿನ್, ಬಿಸಿ ಏರಿತು, ಹದ್ದಿನೊಳಗೇ ನಿಂತಿತು. ಒಂದನೇ ಇಂಜಿನ್. ನೆಲದವನು ಪಿನ್ ತೋರಿಸಿದ. ದೊಡ್ಡಪ್ಪ ಎಲ್ಲದಕ್ಕೂ ತಲೆದೂಗುತ್ತ ಬಂದ. ಕೊನೆಗೆ ಆ ಮಾತಿಗೆ ಬಂದು ನಿಂತೆ. ಕೇಳಲೋ ಬೇಡವೋ ಎಂದು ತಿಳಿಯದೆ ಮೆಲ್ಲಗೆ ಕೇಳಿದೆ.

"ಎಡಕ್ಕ?"

ಓಣಿಯಲ್ಲಿ ಕಲ್ಲು ಹೊತ್ತ ಒಂದು ಆಟೋ ಹೋಯಿತು. ಅದರ ಸದ್ದು ಪೂರ್ತಿ ಇಳಿಯುವ ತನಕ ದೊಡ್ಡಪ್ಪ ಕಾದ. ಆಮೇಲೆ ಮುಖವನ್ನು ನನ್ನ ಕಡೆ ತಿರುಗಿಸಿದ.

"ಗೊತ್ತಿಲ್ಲೋ ತಮ್ಮಾ. ನನಗ ಕಾಣಂಗಿಲ್ಲ. ನೀನೇ ನೋಡು."

ನಾನು ಎದ್ದು ಅವನ ಎಡಗಡೆಗೆ ಹೋಗಿ ನೋಡಿದೆ.